ಚುಕ್ಕೆ ಹೋಯಿತು, ರೋಗ ಹೋಗಲಿಲ್ಲ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಮನೆಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆಯುತ್ತದೆ. ಹೊಸದಾಗಿ ತಂದ ಮೀನಿನ ರೆಕ್ಕೆಯ ಮೇಲೆ ಅರ್ಧ ಮಿಲಿಮೀಟರಿನಷ್ಟು ಸಣ್ಣ ಬಿಳಿ ಚುಕ್ಕೆಗಳು ಏಳುತ್ತವೆ, ಮೀನು ಕಲ್ಲಿಗೆ ಮೈ ಉಜ್ಜತೊಡಗುತ್ತದೆ. ಅಂಗಡಿಯವರನ್ನು ಕೇಳಿದರೆ ಒಂದು ಬಾಟಲಿ ಕೈಗೆ ಕೊಟ್ಟು, ಹತ್ತು ಲೀಟರಿಗೆ ಇಷ್ಟು ಹನಿ ಎನ್ನುತ್ತಾರೆ. ನಾಲ್ಕೈದು ದಿನಕ್ಕೆ ಚುಕ್ಕೆ ಮಾಯ. ಔಷಧ ಭಾರಿ ಒಳ್ಳೆಯದು ಎಂಬ ಮಾತು ಗೆಳೆಯರ ಬಳಗದಲ್ಲಿ ಹರಡುತ್ತದೆ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಅದೇ ಚುಕ್ಕೆ, ಈ ಸಲ ಮೈತುಂಬಾ, ತೊಟ್ಟಿಯಲ್ಲಿರುವ ಎಲ್ಲ ಮೀನಿಗೂ. ಇನ್ನೊಂದು ಬಾಟಲಿ ಬರುತ್ತದೆ. ಅದು ಮುಗಿಯುವ ಮೊದಲೇ ಮೀನು ಮುಗಿಯುತ್ತದೆ. ಸಮುದ್ರ ಕಾಣಬೇಕೆಂದರೆ ಘಟ್ಟ ಇಳಿಯಬೇಕಾದ ದಾವಣಗೆರೆ, ಹರಿಹರ, ಕುಕ್ಕುವಾಡದ ಕಡೆಯವರು ಇದಕ್ಕೆ ಹೇಳುವ ಕಾರಣ ಸಿದ್ಧವಾಗಿರುತ್ತದೆ: ಕಡಲಿನ ಮೀನು ನಮ್ಮ ಹವೆಗೆ ಒಗ್ಗುವುದಿಲ್ಲ, ನಮ್ಮಲ್ಲಿ ಒಳ್ಳೆ ಔಷಧ ಸಿಗುವುದಿಲ್ಲ. ಈ ಎರಡೂ ಕಾರಣ ಪೊಳ್ಳು ಎಂಬುದು ನನ್ನ ವಾದ. ಇಲ್ಲಿ ಕೊರತೆಯಿರುವುದು ರೋಗ ಯಾವುದೆಂದು ನೋಡುವ ಅಭ್ಯಾಸಕ್ಕೆ. ಆ ಅಭ್ಯಾಸಕ್ಕೆ ಬೇಕಾದ ಸಾಮಾನೆಲ್ಲ ಈ ಊರುಗಳಲ್ಲೇ ಸಿಗುತ್ತದೆ.

ಮೊದಲು ಆ ಚುಕ್ಕೆಯ ಲೆಕ್ಕ ನೋಡೋಣ. ಸಮುದ್ರದ ಮೀನುಗಳಲ್ಲಿ ಬಿಳಿಚುಕ್ಕೆ ರೋಗ ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರೋಪಜೀವಿ. 1951ರಲ್ಲಿ ಇದಕ್ಕೆ ಈ ಹೆಸರು ಬಿತ್ತು. ಇದು ಮೀನಿನ ಚರ್ಮದ ಮೇಲ್ಪದರದ ಅಡಿಗೆ ನುಗ್ಗಿ, ಅಲ್ಲಿ ಮೂರರಿಂದ ಏಳು ದಿನ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಇದೇ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗಿಳಿದು, ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಕೋಶದೊಳಗೆ ಒಂದು ಇನ್ನೂರರವರೆಗೆ ಆಗುತ್ತದೆ. ಹೊರಬರಲು ಸಾಮಾನ್ಯವಾಗಿ ಮೂರು ದಿನದಿಂದ ನಾಲ್ಕು ವಾರ ಹಿಡಿಯುತ್ತದೆ. 72 ದಿನ ಹಿಡಿದ ದಾಖಲೆಯೂ ಇದೆ. ಹೊರಬಂದ ಮರಿಗಳು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಅಂದಮೇಲೆ ಚುಕ್ಕೆ ಕಂಡ ಮರುದಿನ ನೀವು ಬಾಟಲಿ ಔಷಧ ಹಾಕಿ, ಬೇವಿನ ಕಷಾಯ ಹಾಕಿ, ಏನೂ ಹಾಕದೆ ಸುಮ್ಮನಿರಿ, ಐದಾರು ದಿನಕ್ಕೆ ಆ ಚುಕ್ಕೆ ಹೋಗೇ ಹೋಗುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಔಷಧ ಆ ಕಾಗೆ. ಈ ರೋಗಕ್ಕೆ ‘ಗ್ಯಾರಂಟಿ ಮದ್ದು’ಗಳು ಇಷ್ಟೊಂದು ಇರುವುದಕ್ಕೂ, ಒಂದೊಂದಕ್ಕೂ ಪ್ರಾಮಾಣಿಕವಾಗಿ ಸಾಕ್ಷಿ ಹೇಳುವವರು ಸಿಗುವುದಕ್ಕೂ ಇದೇ ಕಾರಣ. ಸಾಕ್ಷಿ ಹೇಳುವವರು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಿದ್ದಾರೆ. ಅವರಿಗೆ ಕಾಣದ್ದು ಮರಳಿನ ಮೇಲೆ ನಡೆಯುತ್ತಿರುವ ಸಂಗತಿ.

ಇದು ಕ್ರಿಪ್ಟೋಕ್ಯಾರಿಯಾನ್ ಆಗಿದ್ದರೆ ಸರಿ. ಆದರೆ ಬಿಳಿಯಾಗಿ ಕಾಣುವುದೆಲ್ಲ ಅದೇ ಅಲ್ಲ. ಅಮೈಲೂಡಿನಿಯಂ ಎಂಬ ಇನ್ನೊಂದು ಪರೋಪಜೀವಿ ಬಂದರೆ ಚುಕ್ಕೆ ಇನ್ನೂ ಸಣ್ಣ, ಓರೆ ಬೆಳಕಿನಲ್ಲಿ ಹಳದಿ ಮಿಶ್ರಿತ ಧೂಳು ಕೂತಂತೆ ಕಾಣುತ್ತದೆ. ಅದು ಮೊದಲು ಕಿವಿರಿಗೇ ಹೋಗುವುದರಿಂದ ಎಷ್ಟೋ ಸಲ ಮೈಮೇಲೆ ಏನೂ ಕಾಣುವ ಮೊದಲೇ ಮೀನು ಏದುಸಿರು ಬಿಡುತ್ತಾ ಸಾಯುತ್ತದೆ. ಕ್ಲೌನ್ ಮೀನಿನ ಮೈಯಿಂದ ಲೋಳೆ ಹಾಳೆಹಾಳೆಯಾಗಿ ಕಳಚುತ್ತಿದ್ದರೆ ಬ್ರೂಕ್ಲಿನೆಲ್ಲಾ ಎಂಬ ಪರೋಪಜೀವಿ ಎಂದು ಅನುಮಾನಿಸಬೇಕು. ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ಗೊಂಚಲಿನಂಥ ಬಿಳಿ ಗಂಟು ನಿಧಾನವಾಗಿ ಬೆಳೆದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ ರೋಗ. ಅದಕ್ಕೆ ಔಷಧವೇ ಇಲ್ಲ, ನೀರು ಚೆನ್ನಾಗಿದ್ದು ಮೀನು ತಿನ್ನುತ್ತಿದ್ದರೆ ಬಹುಪಾಲು ತಾನೇ ಇಳಿಯುತ್ತದೆ. ಇವುಗಳ ಚಿಕಿತ್ಸೆ ಒಂದೊಂದೂ ಬೇರೆ. ನೀರಿನ ಉಪ್ಪು ಇಳಿಸಿದರೆ ಕ್ರಿಪ್ಟೋಕ್ಯಾರಿಯಾನ್ ಸೋಲಬಹುದು; ಅಮೈಲೂಡಿನಿಯಂ ಕಡಿಮೆ ಉಪ್ಪಿನಲ್ಲೂ ಆರಾಮಾಗಿ ಬದುಕುತ್ತದೆ. ಬ್ರೂಕ್ಲಿನೆಲ್ಲಾಗೆ ತಾಮ್ರ ಹಾಕಿ ಕೂತರೆ ಕೆಲಸವಾಗದು, ಅದಕ್ಕೆ ಫಾರ್ಮಾಲಿನ್ ಬೇಕು. ವೈರಸ್ ಗಂಟಿಗೆ ತಾಮ್ರ ಹಾಕಿದರೆ ಗುಣ ಕಾಣುವುದಿಲ್ಲ, ತಾಮ್ರದ ವಿಷ ಮಾತ್ರ ಮೀನಿಗೆ ಮಿಗುತ್ತದೆ. ಜ್ವರ ಬಂದ ಮಗುವನ್ನು ಡೆಂಗಿಯೋ ಟೈಫಾಯ್ಡೋ ಎಂದು ರಕ್ತ ಪರೀಕ್ಷೆ ಮಾಡಿಸದೆ ಯಾವುದೋ ಮಾತ್ರೆ ನುಂಗಿಸಲು ಇವತ್ತು ದಾವಣಗೆರೆಯಲ್ಲಿ ಯಾರೂ ಒಪ್ಪುವುದಿಲ್ಲ. ಮೀನಿನ ವಿಷಯದಲ್ಲಿ ಮಾತ್ರ ಅದನ್ನೇ ಚಿಕಿತ್ಸೆ ಎಂದುಕೊಂಡಿದ್ದೇವೆ.

ಪರೋಪಜೀವಿಗಿಂತ ಮೊದಲು ನೋಡಬೇಕಾದದ್ದು ನೀರನ್ನು. ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಎಂದರೆ ಕಿವಿರಿನಲ್ಲಿ ಹುಳು ಇರಬಹುದು, ಅಮೋನಿಯಾ ಏರಿರಬಹುದು, ಆಮ್ಲಜನಕ ಇಳಿದಿರಬಹುದು; ಲಕ್ಷಣ ಒಂದೇ. ಸಮುದ್ರದ ನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ: 25 ಡಿಗ್ರಿಯಲ್ಲಿ ಸಿಹಿನೀರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದರೆ ಉಪ್ಪುನೀರಿಗೆ 6.8ರ ಆಸುಪಾಸು. ನೀರು ಕಾದಷ್ಟೂ ಇದು ಇನ್ನೂ ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕರೆಂಟ್ ಹೋಗಿ ಏರ್ ಪಂಪ್ ನಿಂತ ಒಂದು ಮಧ್ಯಾಹ್ನ ಸಾಕು, ರೋಗವೇ ಇಲ್ಲದ ಮೀನು ರೋಗಿಯಂತೆ ಕಾಣಲು. ಅಮೋನಿಯಾದ ಕಥೆ ಇನ್ನೂ ಸೂಕ್ಷ್ಮ. ಮೀನಿನ ಹಿಕ್ಕೆಯಿಂದಲೂ ಕೊಳೆತ ಆಹಾರದಿಂದಲೂ ಬರುವ ಅಮೋನಿಯಾದಲ್ಲಿ ಎಷ್ಟು ಪಾಲು ವಿಷರೂಪದಲ್ಲಿರುತ್ತದೆ ಎಂಬುದನ್ನು ನೀರಿನ ಪಿಎಚ್ ತೀರ್ಮಾನಿಸುತ್ತದೆ. ಪಿಎಚ್ 7 ಇದ್ದರೆ ಆ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ. ಸಮುದ್ರದ ತೊಟ್ಟಿಯಲ್ಲಿ ಪಿಎಚ್ 8.1ರಿಂದ 8.4 ಇರಬೇಕಾದ್ದರಿಂದ ಆ ಪಾಲು ಹಲವು ಪಟ್ಟು ಏರುತ್ತದೆ. ಗೋಲ್ಡ್ ಫಿಶ್ ತೊಟ್ಟಿಯಲ್ಲಿ ನಡೆದುಹೋಗುವ ಸೋಮಾರಿತನ ಇಲ್ಲಿ ನಡೆಯುವುದಿಲ್ಲ. ಇದರ ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಗಡಸು, ನಲ್ಲಿ ನೀರಿನ ಕ್ಲೋರಿನ್ ಇವೆ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಕೃತಕ ಸಮುದ್ರದ ಉಪ್ಪು ಬೆರೆಸುವುದು ಆರ್‌ಒ ನೀರಿಗೇ ಆಗಬೇಕು ಎನ್ನುವುದು ಅದಕ್ಕಾಗಿ. ಆದ್ದರಿಂದ ರೋಗಪತ್ತೆಯ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಔಷಧದ ಹೆಸರಲ್ಲ. ಉಷ್ಣತೆ, ಉಪ್ಪು, ಪಿಎಚ್, ಅಮೋನಿಯಾ, ನೈಟ್ರೈಟ್ ಈ ಐದು ಅಂಕಿ. ಇವು ಸರಿಯಿಲ್ಲದಿದ್ದರೆ ಚಿಕಿತ್ಸೆಯೆಂದರೆ ನೀರು ಬದಲಿಸುವುದೇ.

ಅಂಕಿಗಳು ಸರಿಯಿದ್ದೂ ಮೀನು ಬಳಲುತ್ತಿದ್ದರೆ ಆಗ ಮೀನಿನ ಮೈ ನೋಡಬೇಕು. ಒದ್ದೆ ಕೈಯಲ್ಲಿ ಮೀನನ್ನು ಹಿಡಿದು, ಸೂಕ್ಷ್ಮದರ್ಶಕದ ಗಾಜಿನ ಬಿಲ್ಲೆಯ ಅಂಚನ್ನು ತಲೆಯಿಂದ ಬಾಲದ ಕಡೆಗೆ ಒಮ್ಮೆ ಮೆಲ್ಲನೆ ಎಳೆದರೆ ಸ್ವಲ್ಪ ಲೋಳೆ ಬರುತ್ತದೆ. ಅದನ್ನು ತೊಟ್ಟಿಯದೇ ಒಂದು ಹನಿ ನೀರಿನೊಂದಿಗೆ ಸ್ಲೈಡಿನ ಮೇಲಿಟ್ಟು, ಒಣಗುವ ಮೊದಲೇ ಕಡಿಮೆ ವರ್ಧನೆಯಲ್ಲಿ ನೋಡಬೇಕು. ಕ್ರಿಪ್ಟೋಕ್ಯಾರಿಯಾನ್ ಇದ್ದರೆ ದೊಡ್ಡದೊಂದು ಕಪ್ಪು ಉಂಡೆ ನಿಧಾನವಾಗಿ ತನ್ನ ಸುತ್ತ ತಾನೇ ಉರುಳುತ್ತಿರುತ್ತದೆ. ಅಮೈಲೂಡಿನಿಯಂ ಕದಲುವುದೇ ಇಲ್ಲ. ಪಿಯರ್ ಹಣ್ಣಿನ ಆಕಾರದಲ್ಲಿ, ಕಂದು ಬಣ್ಣದಲ್ಲಿ, ಬೇರೂರಿ ಕೂತಿರುತ್ತದೆ. ಬ್ರೂಕ್ಲಿನೆಲ್ಲಾ ಹುರುಳಿಕಾಳಿನ ಆಕಾರದ್ದು, ಲೋಳೆಯ ಮೇಲೆ ತೆವಳುತ್ತದೆ. ಯುರೋನೀಮಾ ಎಂಬ ಇನ್ನೊಂದು ಪರೋಪಜೀವಿ ಒಂದು ಕಡೆ ನಿಲ್ಲದೆ ಸರಸರ ಓಡುತ್ತದೆ. ಒಮ್ಮೆ ನೋಡಿದವರಿಗೆ ಈ ನಾಲ್ಕು ಮತ್ತೆ ಅದಲುಬದಲಾಗುವುದಿಲ್ಲ. ಇನ್ನೊಂದು ಪರೀಕ್ಷೆಗೆ ಸೂಕ್ಷ್ಮದರ್ಶಕವೂ ಬೇಡ. ಮೀನಿನ ಮೈಗೂ ಕಣ್ಣಿಗೂ ಅಂಟಿ ಕೂರುವ ನಿಯೋಬೆನೆಡೀನಿಯಾ ಎಂಬ ಚಪ್ಪಟೆ ಹುಳು ಪಾರದರ್ಶಕವಾದ್ದರಿಂದ ಎದುರಿಗಿದ್ದರೂ ಕಾಣುವುದಿಲ್ಲ. ತೊಟ್ಟಿಯಷ್ಟೇ ಉಷ್ಣತೆ, ಅಷ್ಟೇ ಪಿಎಚ್ ಇರುವಂತೆ ಹೊಂದಿಸಿದ, ಗಾಳಿಯಾಡಿಸಿದ ಸಿಹಿನೀರಿನ ಬಕೆಟ್ಟಿನಲ್ಲಿ ಮೀನನ್ನು ಐದು ನಿಮಿಷ ಬಿಟ್ಟು ಪಕ್ಕದಲ್ಲೇ ನಿಂತು ನೋಡಿದರೆ, ಹುಳುಗಳು ಬೆಳ್ಳಗಾಗಿ ಉದುರಿ ಬಕೆಟ್ಟಿನ ತಳ ಸೇರುತ್ತವೆ. ಇಲ್ಲಿ ಪರೀಕ್ಷೆಯೂ ಅದೇ, ಚಿಕಿತ್ಸೆಯ ಮೊದಲ ಹಂತವೂ ಅದೇ. ಉಳಿದ ಮೊಟ್ಟೆಗಳಿಂದ ಬರುವ ಮರಿಗಳಿಗೆ ಮುಂದೆ ಪ್ರಾಜಿಕ್ವಾಂಟೆಲ್ ಕೊಡಬೇಕಾಗುತ್ತದೆ.

ಹೆಸರು ಗೊತ್ತಾದ ಮೇಲೆ ಚಿಕಿತ್ಸೆ ಕಟ್ಟುನಿಟ್ಟಿನ ಲೆಕ್ಕ. ಕ್ರಿಪ್ಟೋಕ್ಯಾರಿಯಾನಿಗೂ ಅಮೈಲೂಡಿನಿಯಂಗೂ ಹಳೆಯ ನಂಬಿಗಸ್ತ ಮದ್ದು ತಾಮ್ರ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆಯಲ್ಲಿ ಮೈಲುತುತ್ತ ಎಂಬ ಹೆಸರಿನಲ್ಲಿ ಇದು ಇದ್ದೇ ಇರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಬೀಳುತ್ತದೆ. ಮೀನಿಗೆ ಬೇಕಾದದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ಮಾತ್ರ ತಾಮ್ರವಾದ್ದರಿಂದ 100 ಲೀಟರಿಗೆ ಸುಮಾರು 80 ಮಿಲಿಗ್ರಾಂ. ತೋಟದ ಪ್ರಮಾಣದ 12,500ನೇ ಒಂದು ಪಾಲು. ಇದಕ್ಕಿಂತ ಕಡಿಮೆಯಾದರೆ ಪರೋಪಜೀವಿ ಸಾಯದು, ಸ್ವಲ್ಪ ಹೆಚ್ಚಾದರೆ ಮೀನು ಉಳಿಯದು. ಹಾಗಾಗಿ ಚಿಟಿಕೆಯ ಅಂದಾಜು ನಡೆಯುವುದಿಲ್ಲ. ತಾಮ್ರ ಅಳೆಯುವ ಕಿಟ್ ಹಿಡಿದು ದಿನಾ ನೋಡಿ, ಆ ಮಟ್ಟವನ್ನು ಕನಿಷ್ಠ ಎರಡು ಮೂರು ವಾರ ಕಾಯಬೇಕು. ಯಾಕೆಂದರೆ ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಯನ್ನು ಮಾತ್ರ, ಚರ್ಮದಡಿ ಇರುವುದಕ್ಕಾಗಲಿ ಮರಳಿನ ಕೋಶಕ್ಕಾಗಲಿ ಅದು ತಾಗುವುದಿಲ್ಲ. ಇದೆಲ್ಲ ಮುಖ್ಯ ತೊಟ್ಟಿಯಲ್ಲಿ ಮಾಡುವ ಕೆಲಸವೂ ಅಲ್ಲ: ಸುಣ್ಣದಂಶದ ಕಲ್ಲು, ಹವಳದ ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ಸಿಗಡಿ, ಶಂಖದ ಹುಳುಗಳು ಅಷ್ಟಕ್ಕೇ ಸಾಯುತ್ತವೆ. ಬರಿ ಗಾಜಿನ, ಮರಳಿಲ್ಲದ ಇನ್ನೊಂದು ತೊಟ್ಟಿಗೆ ಎಲ್ಲ ಮೀನನ್ನೂ ಸಾಗಿಸಿ ಅಲ್ಲಿ ಚಿಕಿತ್ಸೆ ನಡೆಸಬೇಕು. ಮುಖ್ಯ ತೊಟ್ಟಿಯನ್ನು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಟ್ಟರೆ ಅಲ್ಲಿನ ಮರಿಗಳು ಹಿಡಿಯಲು ಮೀನು ಸಿಗದೆ ಸಾಯುತ್ತವೆ. ತಾಮ್ರ ಒಲ್ಲದವರಿಗೆ ಉಪ್ಪು ಇಳಿಸುವ ದಾರಿಯಿದೆ. ಸಿಹಿನೀರಿನ ಮೀನಿಗೆ ಬಿಳಿಚುಕ್ಕೆ ಬಂದರೆ ಉಪ್ಪು ಹಾಕುವುದು ವಾಡಿಕೆ. ಸಮುದ್ರದ ಮೀನಿಗೆ ಇದು ತಿರುವುಮುರುವು. ಒಂದೆರಡು ದಿನದಲ್ಲಿ ಹಂತಹಂತವಾಗಿ ಉಪ್ಪನ್ನು ಲೀಟರಿಗೆ 15 ಗ್ರಾಮಿನ ಒಳಗೆ ತಂದು ವಾರಗಟ್ಟಲೆ ಅಲ್ಲೇ ನಿಲ್ಲಿಸಿದರೆ ಪರೋಪಜೀವಿಯ ಕೋಶ ಒಡೆಯುತ್ತದೆ. ಮೀನಿನ ರಕ್ತದ ಉಪ್ಪು ಸಮುದ್ರದ್ದರ ಮೂರನೇ ಒಂದರಷ್ಟೇ ಇರುವುದರಿಂದ ಮೀನು ಇದನ್ನು ತಡೆದುಕೊಳ್ಳುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಮದ್ದು ಎಂಬ ಈ ಕ್ರಮಕ್ಕೆ ಮೊದಲ ಆಕ್ಷೇಪ ಸಮಯದ್ದು. ನೀವು ಸ್ಲೈಡ್ ನೋಡುತ್ತಾ ಕೂರುವಷ್ಟರಲ್ಲಿ ಮೀನು ಸತ್ತಿರುತ್ತದೆ, ಆದ್ದರಿಂದ ಮೊದಲು ಔಷಧ ಹಾಕಿ ಆಮೇಲೆ ಯೋಚಿಸಬೇಕು ಎಂಬುದು ಅನುಭವಿಗಳೂ ಹೇಳುವ ಮಾತು. ಅಮೈಲೂಡಿನಿಯಂ ವಿಷಯದಲ್ಲಿ ಇದರಲ್ಲಿ ಸತ್ಯಾಂಶ ಇದೆ. ಅದು ಎರಡು ಮೂರು ದಿನದಲ್ಲಿ ತೊಟ್ಟಿ ಖಾಲಿ ಮಾಡಬಲ್ಲದು. ಆದರೆ ನೀರಿನ ಐದು ಅಂಕಿ ತೆಗೆಯಲು ಅರ್ಧ ಗಂಟೆ ಸಾಕು, ಲೋಳೆ ನೋಡಲು ಹತ್ತು ನಿಮಿಷ, ಸಿಹಿನೀರಿನ ಸ್ನಾನಕ್ಕೆ ಐದು ನಿಮಿಷ. ಒಂದು ತಾಸಿನ ಪರೀಕ್ಷೆ ತಡೆಯಲಾಗದಷ್ಟು ಬಳಲಿದ ಮೀನು ತಾಮ್ರವನ್ನೂ ತಡೆಯುವುದಿಲ್ಲ. ಅವಸರದಲ್ಲಿ ಮಾಡಬಹುದಾದ, ಯಾವ ರೋಗವಿದ್ದರೂ ಕೇಡು ಮಾಡದ ಕೆಲಸಗಳೂ ಇವೆ: ಗಾಳಿ ಹೆಚ್ಚಿಸುವುದು, ಹೊಂದಿಸಿದ ನೀರಿನಿಂದ ಮೂರನೇ ಒಂದು ಪಾಲು ಬದಲಿಸುವುದು, ಆಹಾರ ನಿಲ್ಲಿಸುವುದು, ಮೀನನ್ನು ಬೇರೆ ಮಾಡುವುದು. ಅವಸರವಿದ್ದರೆ ಇವುಗಳ ಅವಸರ ಇರಲಿ.

ಎರಡನೆಯ ಆಕ್ಷೇಪ, ಎಲ್ಲಕ್ಕೂ ಆಗುವಂಥ ಆಂಟಿಬಯೋಟಿಕ್ ಒಂದು ಹಾಕಿಬಿಟ್ಟರೆ ಯಾವುದೋ ಒಂದು ತಗುಲುತ್ತದೆ ಎಂಬುದು. ಇದು ಲೆಕ್ಕದಲ್ಲೇ ತಪ್ಪು. ಮೇಲೆ ಹೇಳಿದ ರೋಗಗಳಲ್ಲಿ ಒಂದೂ ಬ್ಯಾಕ್ಟೀರಿಯಾದ್ದಲ್ಲ. ಆಂಟಿಬಯೋಟಿಕ್ ಅವುಗಳ ಕೂದಲನ್ನೂ ಕೊಂಕಿಸದು. ಆದರೆ ಫಿಲ್ಟರಿನಲ್ಲಿ ಕೂತು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಅದು ಹೊಡೆತ ಕೊಡಬಲ್ಲದು. ಎರಡು ಮೂರು ದಿನದಲ್ಲಿ ಅಮೋನಿಯಾ ಏರಿ ಮೀನು ಸತ್ತರೆ, ರೋಗ ಜೋರಿತ್ತು ಎಂದು ಷರಾ ಬರೆಯುತ್ತೇವೆ. ಇನ್ನು ಔಷಧಿ ಅಂಗಡಿಯಲ್ಲಿ ಸಿಗುವ ಆಕ್ಸಿಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಒಡೆದು ಉಪ್ಪುನೀರಿಗೆ ಹಾಕಿದರೆ, ಆ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಅದರ ಬಹುಪಾಲನ್ನು ಕಟ್ಟಿಹಾಕುತ್ತವೆ; ಮೀನಿಗೆ ದಕ್ಕುವುದು ಅಲ್ಪ. ಗಾಯ ಕೊಳೆತು ಬ್ಯಾಕ್ಟೀರಿಯಾ ಸೇರಿದೆ ಎಂದು ಖಚಿತವಾದಾಗ ಆಂಟಿಬಯೋಟಿಕ್ಕಿಗೆ ಜಾಗ ಇದ್ದೇ ಇದೆ, ಅದೂ ಹೆಚ್ಚಾಗಿ ಆಹಾರದ ಮೂಲಕ, ಬೇರೆ ತೊಟ್ಟಿಯಲ್ಲಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ.

ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಮಂಗಳೂರಿನಲ್ಲಾದರೆ ಮೀನಿನ ತಜ್ಞರಿದ್ದಾರೆ, ಬಯಲುಸೀಮೆಯಲ್ಲಿ ಮೀನು ನೋಡುವ ಡಾಕ್ಟರು ಯಾರಿದ್ದಾರೆ, ಇಷ್ಟೆಲ್ಲ ಖರ್ಚು ಮಾಡುವುದಕ್ಕಿಂತ ಇನ್ನೊಂದು ಮೀನು ಕೊಳ್ಳುವುದೇ ಅಗ್ಗ ಎನ್ನುತ್ತಾರೆ. ಅಗ್ಗವೆಂಬುದು ಸರಿಯಲ್ಲ; ರೋಗದ ಕೋಶ ಮರಳಿನಲ್ಲಿರುವ ತೊಟ್ಟಿಗೆ ತರುವ ಪ್ರತಿ ಹೊಸ ಮೀನೂ ಅದಕ್ಕೆ ಆಹಾರ. ತಜ್ಞರ ವಿಷಯಕ್ಕೆ ಬಂದರೆ, ಕರ್ನಾಟಕದ ಕರಾವಳಿಯೇ ಒಂದು ಪಾಠ ಕಲಿಸಿದೆ. 1990ರ ದಶಕದ ನಡುವೆ ಸಿಗಡಿ ಕೃಷಿಗೆ ಬಿಳಿಚುಕ್ಕೆ ವೈರಸ್ ಬಂದು ಹೊಂಡಗಳು ಬರಿದಾದಾಗ ರೈತರು ಮೊದಲು ನೆಚ್ಚಿದ್ದು ಔಷಧವನ್ನೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಅವರ ತಂಡ ಆ ರೋಗವನ್ನು ಅಧ್ಯಯನ ಮಾಡಿ, ವೈರಸ್ಸನ್ನು ಪಿಸಿಆರ್‌ನಿಂದ ಪತ್ತೆಹಚ್ಚುವ ಕೆಲಸಕ್ಕೆ ಇಳಿಯಿತು. ವೈರಸ್ಸಿಗೆ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಹೊಂಡಕ್ಕೆ ಬಿಡುವ ಮೊದಲೇ ಸಿಗಡಿ ಮರಿಯನ್ನು ಪರೀಕ್ಷಿಸುವ ಪದ್ಧತಿ ಬಂತು, ಆ ಉದ್ಯಮ ಉಸಿರಾಡಿದ್ದು ಪರೀಕ್ಷೆಯಿಂದ. ಅದೇ ಹಾದಿಯಲ್ಲಿ ದೇಶಮಟ್ಟದ ಜಲಜೀವಿ ರೋಗಗಳ ನಿಗಾ ಕಾರ್ಯಕ್ರಮ 2013ರಲ್ಲಿ ಶುರುವಾಯಿತು; 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪ್ ಬಂದು, ರೈತ ತನ್ನ ಹೊಂಡದ ಮೀನಿನ ರೋಗವನ್ನು ಫೋಟೊ ಸಮೇತ ತಜ್ಞರಿಗೆ ಮುಟ್ಟಿಸಬಹುದಾಯಿತು. ಇನ್ನು ಸೂಕ್ಷ್ಮದರ್ಶಕ. ಎರಡು ಮೆಡಿಕಲ್ ಕಾಲೇಜು, ಒಂದು ವಿಶ್ವವಿದ್ಯಾಲಯ, ಬೀದಿಗೊಂದು ರಕ್ತಪರೀಕ್ಷೆಯ ಲ್ಯಾಬ್ ಇರುವ ದಾವಣಗೆರೆಯಲ್ಲಿ ಅದು ಅಪರೂಪದ ವಸ್ತುವೇನಲ್ಲ. ಜೀವಶಾಸ್ತ್ರ ಪಾಠ ಮಾಡುವ ಯಾವ ಕಾಲೇಜಿನ ಉಪಕರಣಕ್ಕೂ ಈ ಪರೋಪಜೀವಿಗಳು ಕಾಣುತ್ತವೆ.

ಕೊನೆಯ ಆಕ್ಷೇಪ ನೇರವಾದದ್ದು. ಕಬ್ಬು, ಭತ್ತ ಬೆಳೆಯುವ, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಕುಕ್ಕುವಾಡದವರಿಗೆ ಕಡಲ ಮೀನಿನ ಚುಕ್ಕೆಯ ಪುರಾಣ ಯಾಕೆ? ನಾಲ್ಕು ಜನರ ಶೋಕಿಗೆ ಅಂಕಣ ಯಾಕೆ? ಎರಡು ಕಾರಣಕ್ಕೆ. ಒಂದು, ಇದೇ ತಪ್ಪು ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಸಾಕುವವರೂ ಮಾಡುತ್ತಾರೆ, ಅಲ್ಲಿ ನಷ್ಟ ಹೊಟ್ಟೆಪಾಡಿನದು. ಮುಂಜಾನೆ ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಅದು ಬಹಳ ಸಲ ರಾತ್ರಿಯಿಡೀ ಪಾಚಿ ಆಮ್ಲಜನಕ ತಿಂದದ್ದರ ಫಲ. ಮದ್ದು ಸುರಿದರೆ ದುಡ್ಡು ಹೊಂಡಕ್ಕೆ. 1988ರಲ್ಲಿ ಭಾರತಕ್ಕೆ ಕಾಲಿಟ್ಟು ದೇಶದ ಕೆರೆಗಳ ಮೀನಿಗೆ ಹುಣ್ಣು ಎಬ್ಬಿಸಿದ ರೋಗದ ಮೂಲ ಬೂಷ್ಟಿನಂಥ ಒಂದು ಜೀವಿ ಎಂದು ಖಚಿತವಾಗುವ ಮೊದಲು ವೈರಸ್, ಬ್ಯಾಕ್ಟೀರಿಯಾ, ಕೀಟನಾಶಕ ಎಲ್ಲದರ ಮೇಲೂ ಅನುಮಾನ ಬಿದ್ದಿತ್ತು. ಎರಡು, ತೊಟ್ಟಿಯ ನೀರು ತೊಟ್ಟಿಯಲ್ಲೇ ಉಳಿಯುವುದಿಲ್ಲ. ತಾಮ್ರ, ಫಾರ್ಮಾಲಿನ್, ಮಾಲಕೈಟ್ ಗ್ರೀನ್, ಆಂಟಿಬಯೋಟಿಕ್ ಬೆರೆತ ಉಪ್ಪುನೀರನ್ನು ಹೊಲಗಾಲುವೆಗೋ ಚರಂಡಿಗೋ ಚೆಲ್ಲಿದರೆ ಅದು ಸೇರುವುದು ಭದ್ರಾ ಅಚ್ಚುಕಟ್ಟಿನ ಗದ್ದೆಗೆ, ಕೆರೆಗೆ, ಕಡೆಗೆ ತುಂಗಭದ್ರೆಗೆ. ಮಾಲಕೈಟ್ ಗ್ರೀನನ್ನು ತಿನ್ನುವ ಮೀನಿಗೆ ಬಳಸಬಾರದೆಂದು ಹಲವು ದೇಶಗಳು ನಿಷೇಧಿಸಿರುವುದು ಸುಮ್ಮನೆ ಅಲ್ಲ. ಗೊತ್ತಿಲ್ಲದ ರೋಗಕ್ಕೆ ನಾಲ್ಕು ಮದ್ದು ಹಾಕುವವರು ನಾಲ್ಕು ಮದ್ದನ್ನೂ ಊರಿನ ನೀರಿಗೆ ಹಾಕುತ್ತಾರೆ. ಗೊತ್ತಿರುವ ರೋಗಕ್ಕೆ ಒಂದು ಸಾಕು.

ಹಾಗಾಗಿ ಬದಲಾವಣೆ ಶುರುವಾಗಬೇಕಾದದ್ದು ಕೊಳ್ಳುವ ಗಳಿಗೆಯಲ್ಲಿ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯಲ್ಲಿ ಹುಟ್ಟಿದವು. ಸಮುದ್ರದ್ದರಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು, ಹಲವು ಕೈ ದಾಟಿ ಬರುವಾಗಲೇ ಸೊರಗಿರುತ್ತವೆ. ಹವಳ, ಕಡಲಕುದುರೆ ಮಾರಲು ಬಂದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಅಲ್ಲಿಗೆ ಮಾತು ಮುಗಿಯಿತು. ಮೀನಾದರೆ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿ: ಈ ಮೀನು ಸಾಕಣೆಯದೋ ಹಿಡಿದದ್ದೋ, ನಿಮ್ಮಲ್ಲಿ ಬಂದು ಎಷ್ಟು ದಿನವಾಯಿತು, ಬಂದ ಮೇಲೆ ಯಾವ ರೋಗಕ್ಕೆ ಯಾವ ಮದ್ದು ಕೊಟ್ಟಿದ್ದೀರಿ. ಮೂರನೆಯದಕ್ಕೆ ‘ಸುಮ್ಮನೆ ಒಂದು ಸೇಫ್ಟಿಗೆ ಹಾಕಿದ್ದೇವೆ’ ಎಂಬ ಉತ್ತರ ಬಂದರೆ ಆ ಮೀನನ್ನು ಬಿಟ್ಟು ಬನ್ನಿ. ಸರಿಯಾದ ಉತ್ತರ ಬಂದರೂ ಮನೆಗೆ ತಂದ ಮೀನನ್ನು ನಾಲ್ಕರಿಂದ ಆರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಈ ಮೂರು ಪ್ರಶ್ನೆಯನ್ನು ಹತ್ತು ಗಿರಾಕಿಗಳು ಕೇಳತೊಡಗಿದರೆ ಅಂಗಡಿಯ ಕಪಾಟಿನಲ್ಲಿ ಔಷಧದ ಬಾಟಲಿಗಳ ಪಕ್ಕ ಒಂದು ಸೂಕ್ಷ್ಮದರ್ಶಕಕ್ಕೂ ಜಾಗವಾಗುತ್ತದೆ. ಅದನ್ನು ತರಿಸುವ ಶಕ್ತಿ ಇರುವುದು ಗಿರಾಕಿಯ ಕೈಯಲ್ಲೇ.